ಎತ್ತು ಏರಿಗೆ, ಗಾಲಿ ನೀರಿಗೆ

ಹಾನಗಲ್ ಕಡೆ ಮಳೆಗಾಲದಲ್ಲಿ ಒಂದು ಪಿಕಪ್ ಗಾಡಿ ಹೂತರೆ ನೂಕಲು ನಾಲ್ಕು ಜನ ಸಾಕು. ಸೇರುವುದು ನಲವತ್ತು ಜನ. ಉಳಿದ ಮೂವತ್ತಾರು ಮಂದಿ ಸಲಹಾ ಸಮಿತಿ.

ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮ ಪಿಕಪ್ ಹೊಲದ ದಾರಿಯಲ್ಲಿ ಕೂತಿತು. ಕೂತಿತು ಅನ್ನುವುದೇ ಸರಿ. ನಿಂತದ್ದಲ್ಲ, ಕೆಟ್ಟದ್ದಲ್ಲ, ಉಂಡ ಮೇಲೆ ಅಜ್ಜ ಕೂತ ಹಾಗೆ ಕೂತಿತು. ಎಡಗಡೆಯ ಹಿಂದಿನ ಗಾಲಿ ದಂಡೆಯ ಗರಸಿನ ಮೇಲೆ, ಬಲಗಡೆಯದು ಎರೆಮಣ್ಣಿನ ರಾಡಿಯಲ್ಲಿ. ಆಕ್ಸಿಲೇಟರ್ ತುಳಿದರೆ ಬಲಗಾಲಿ ಗಿರಣಿ ಕಲ್ಲಿನಂತೆ ಗರಗರ ತಿರುಗಿ, ಹಿಂದೆ ನಿಂತಿದ್ದ ಮಾಜಿ ಪಂಚಾಯ್ತಿ ಸದಸ್ಯರ ಇಸ್ತ್ರಿ ಅಂಗಿಗೆ ರಾಡಿ ಎರಚಿತು. ಎಡಗಾಲಿ ಅಲುಗಲಿಲ್ಲ. ಕೆಳಗೆ ಗಟ್ಟಿ ನೆಲ ಇದೆ, ಹಿಡಿತ ಇದೆ, ಎಂಜಿನ್ನಿನಲ್ಲಿ ಕಸುವೂ ಇದೆ, ಆದರೂ ಅದು ಸುಮ್ಮನೆ ನಿಂತಿತ್ತು. ಹುದ್ದೆ ತೋರಿಸದೆ ಕೂರಿಸಿದ ಪ್ರಾಮಾಣಿಕ ಅಧಿಕಾರಿಯ ಹಾಗೆ.

ಡ್ಯಾಶ್‌ಬೋರ್ಡಿನ ಸೊಬಗು ಇನ್ನೂ ಹೆಚ್ಚಿನದು. ಗಾಡಿ ಒಂದು ಗೇಣು ಮುಂದೆ ಹೋಗಿರಲಿಲ್ಲ, ಸ್ಪೀಡೋಮೀಟರ್ ಗಂಟೆಗೆ ನಲವತ್ತು ಕಿಲೋಮೀಟರ್ ತೋರಿಸುತ್ತಿತ್ತು. ಕೆಡಿಪಿ ಸಭೆಯ ಪ್ರಗತಿ ವರದಿ ಹೇಗೆ ತಯಾರಾಗುತ್ತದೆ ಎಂಬ ನನ್ನ ಬಹಳ ವರ್ಷದ ಅನುಮಾನ ಅವತ್ತು ಬಗೆಹರಿಯಿತು.

ಸಮಿತಿ ಕಲಾಪ ಶುರು ಮಾಡಿತು. ಗಾಲಿಗೆ ಕಲ್ಲು ಕೊಡ್ರಿ ಅಂದರು ಒಬ್ಬರು. ಗೋವಿನಜೋಳದ ದಂಟು ಹಾಕ್ರಿ ಅಂದರು ಇನ್ನೊಬ್ಬರು. ಮತ್ತೊಬ್ಬರು ಗಾಳಿ ಇಳಿಸಲು ಹೇಳಿದರು, ಅವರ ಪಕ್ಕದವರು ಗಾಳಿ ತುಂಬಲು ಹೇಳಿದರು. ಜೆಸಿಬಿಗೆ ಫೋನ್ ಹಚ್ಚಿದವರೂ ಇದ್ದರು. ಕೊನೆಗೆ ನಮ್ಮ ಅಕ್ಕನ ಮಗ, ಮೊಬೈಲಿನಲ್ಲಿ ಅಮೆರಿಕದವರ ಪಿಕಪ್ಪುಗಳು ಬಂಡೆ ಏರುವುದನ್ನು ರಾತ್ರಿ ಹನ್ನೆರಡರವರೆಗೆ ನೋಡುವ ಹುಡುಗ, ಗಾಡಿಯ ಕೆಳಗೆ ಬಗ್ಗಿ ನೋಡಿ ತೀರ್ಪು ಕೊಟ್ಟ: “ಮಾವಾ, ಗಾಡಿ ತಪ್ಪಲ್ಲ. ಡಿಫ್ರೆನ್ಶಿಯಲ್ ಓಪನ್ ಐತಿ. ಲಾಕರ್ ಹಾಕಸೂನು.”

ನಲವತ್ತೂ ತಲೆಗಳು ಹೌದೌದು ಅಂದವು. ಕಲ್ಲಿನಿಂದ ಲಾಕರ್‌ತನಕ ಬಂದ ಅಷ್ಟೂ ಸಲಹೆಗಳಲ್ಲಿ ರಸ್ತೆ ಎಂಬ ಶಬ್ದ ಒಮ್ಮೆಯೂ ಬರಲಿಲ್ಲ ಎಂಬುದು ನನ್ನ ಗಮನಕ್ಕೂ ಬರಲಿಲ್ಲ. ಮಳೆ, ಬಿಸಿಲು, ರಾಡಿ, ಇವೆಲ್ಲ ದೇವರು ಕೊಟ್ಟದ್ದು. ಡಿಫ್ರೆನ್ಶಿಯಲ್ ಮಾತ್ರ ಮನುಷ್ಯ ಮಾಡಿದ್ದು, ಬದಲಾಯಿಸಬಹುದು.

ಹಿಂದಿನ ಅಚ್ಚಿನ ನಟ್ಟನಡುವೆ ಬಸುರಿ ಹೊಟ್ಟೆಯ ಹಾಗೆ ಉಬ್ಬಿಕೊಂಡಿರುತ್ತದಲ್ಲ, ಅದರೊಳಗೆ ಇರುವುದೇ ಈ ಡಿಫ್ರೆನ್ಶಿಯಲ್. ಕ್ರೌನ್, ಪಿನಿಯನ್, ಸ್ಟಾರ್ ಗೇರುಗಳ ಒಂದು ಕೂಡು ಕುಟುಂಬ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಬ್ಬರು ತೇಕುತ್ತಾರೆ, ಇನ್ನೊಬ್ಬರು ಉಜ್ಜಿಕೊಂಡು ಹೋಗುತ್ತಾರೆ. ಅದಕ್ಕೇ ಇಬ್ಬರಿಗೂ ಅವರವರ ವೇಗ, ಆದರೆ ಬಲ ಸಮಪಾಲು ಎಂದು ಡಿಫ್ರೆನ್ಶಿಯಲ್ ನ್ಯಾಯ ಮಾಡಿಕೊಟ್ಟಿತು. 1820ರ ದಶಕದ ಕೊನೆಯಲ್ಲಿ ಒನೆಸಿಫೋರ್ ಪೆಕ್ಯೋರ್ ಎಂಬ ಫ್ರಾನ್ಸಿನ ಗಡಿಯಾರದವನು ಹಬೆಗಾಡಿಗೆಂದು ಇದನ್ನು ರೂಪಿಸಿ ಪೇಟೆಂಟ್ ಪಡೆದ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಶರೀಫರು ಆಗ ಇನ್ನೂ ಹುಡುಗ. ಶರೀಫರ ಕೈಗೆ ಈ ಯಂತ್ರ ಸಿಕ್ಕಿದ್ದರೆ ಒಂದು ತತ್ವಪದ ಖಂಡಿತ ಹುಟ್ಟುತ್ತಿತ್ತು. ಒಂದು ತಿರುಗಿದರೆ ಒಂದು ನಿಲ್ಲುತ್ತದೆ, ತಿರುಗಿದ್ದು ಮುಂದೆ ಹೋಗುವುದಿಲ್ಲ, ನಿಂತದ್ದಕ್ಕೆ ಹೋಗುವ ಕಸುವಿದ್ದರೂ ಅಪ್ಪಣೆ ಇಲ್ಲ. ಇದಕ್ಕಿಂತ ದೊಡ್ಡ ಒಗಟು ಬೇಕೆ?

ಒಗಟು ಬಿಡಿಸಿದರೆ ಹೀಗೆ. ಬಲ ಸಮಪಾಲು ಎಂದಿತಷ್ಟೆ. ಆ ಪಾಲಿನ ಅಳತೆ ಯಾರ ಕೈಯಲ್ಲಿ? ಜಾರುವ ಗಾಲಿಯ ಕೈಯಲ್ಲಿ. ರಾಡಿಯಲ್ಲಿರುವ ಗಾಲಿ ಎಷ್ಟು ಬಲ ತಾಳುತ್ತದೋ ಗಟ್ಟಿ ನೆಲದ ಗಾಲಿಗೂ ಅಷ್ಟೇ. ಜಾರುವವನಿಗೆ ಚಮಚದಷ್ಟು ಸಾಕಾದರೆ ಹಿಡಿತ ಇದ್ದವನಿಗೂ ಚಮಚದಷ್ಟೇ. ಬಲ ಇಬ್ಬರಿಗೂ ಅಷ್ಟಷ್ಟೇ, ತಿರುಗಾಟ ಮಾತ್ರ ಪೂರ್ತಿ ಜಾರುವವನದು. ಅವನು ಗಿರಗಿರ ಅನ್ನುತ್ತಾನೆ, ಸದ್ದು ಮಾಡುತ್ತಾನೆ, ಹೊಗೆ ಎಬ್ಬಿಸುತ್ತಾನೆ, ನಾಲ್ಕು ಮಂದಿಯ ಅಂಗಿಗೆ ರಾಡಿ ಹಾರಿಸುತ್ತಾನೆ. ನೋಡಿದವರು ಏನು ಕೆಲಸ, ಏನು ಓಡಾಟ ಅನ್ನುತ್ತಾರೆ. ಪಕ್ಕದಲ್ಲಿ ಕೆಲಸ ಬಲ್ಲವನು ತೆಪ್ಪಗೆ ನಿಂತಿರುತ್ತಾನೆ. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಧಾರವಾಡದ ಹೊಟ್ಟೆಯಲ್ಲಿದ್ದೆವು. ಕಚೇರಿ ಬದಲಾದವು, ಬೋರ್ಡು ಬದಲಾದವು, ಡಿಫ್ರೆನ್ಶಿಯಲ್ ಅದೇ ಉಳಿಯಿತು.

ಇದನ್ನು ಹೇಳಲು ಕನ್ನಡಕ್ಕೆ ಫ್ರಾನ್ಸಿನ ಪೇಟೆಂಟ್ ಬೇಕಿರಲಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂದು ನಮ್ಮವರು ಯಾವತ್ತೋ ಹೇಳಿಟ್ಟಿದ್ದಾರೆ. ಅಷ್ಟೇ ಅಲ್ಲ, ಪರಿಹಾರವನ್ನೂ ಕಟ್ಟಿಟ್ಟಿದ್ದಾರೆ. ಜೋಡಿಯಲ್ಲಿ ಒಂದು ಎತ್ತು ಸೊರಗಿದ್ದರೆ ಅಪ್ಪ ನೊಗಕ್ಕೆ ಈಸು ಕಟ್ಟುವ ಜಾಗವನ್ನು ಕಸುವಿನ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸುತ್ತಿದ್ದ. ಅಲ್ಲಿಗೆ ಬಲವಂತನ ಹೆಗಲಿಗೆ ಹೆಚ್ಚು ಭಾರ, ಬಡವನಿಗೆ ಕಡಿಮೆ. ಬಲಕ್ಕೆ ತಕ್ಕ ಹೊರೆ ಎಂಬ ಸಮಾಜಶಾಸ್ತ್ರ ನಾಲ್ಕು ಬೆರಳಿನಲ್ಲಿ ಮುಗಿಯುತ್ತಿತ್ತು, ಸಮಿತಿ ಇಲ್ಲ, ವರದಿ ಇಲ್ಲ. ಇನ್ನು ಚಕ್ಕಡಿಯ ಗಾಲಿಗಳೋ, ಎರಡೂ ತಿರುಗದ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುವಂಥವು. ಅವಕ್ಕೆ ಡಿಫ್ರೆನ್ಶಿಯಲ್ಲೇ ಬೇಡ. ಎಳೆಯುವ ಕೆಲಸ ಗಾಲಿಯದಲ್ಲ, ಎಂಟು ಕಾಲಿನದು. ಗಾಲಿಗೇ ಎಳೆಯುವ ಕೆಲಸ ಹಚ್ಚಿದ ದಿನದಿಂದ ಈ ರಗಳೆ.

ಮರುದಿನ ಮಿಸ್ತ್ರಿಯ ಗ್ಯಾರೇಜು. ಮಿಸ್ತ್ರಿಗೆ ಅರವತ್ತು ದಾಟಿದೆ. ಗಾಡಿಯ ಕೆಳಗೆ ಮಲಗಿಕೊಂಡೇ ಮಾತಾಡುವವನು, ಹಾಗಾಗಿ ಅವನ ಮುಖಕ್ಕಿಂತ ಚಪ್ಪಲಿ ನಮಗೆ ಹೆಚ್ಚು ಪರಿಚಯ. ಮೊದಲು ಹಳೆಯ ಎಣ್ಣೆ ಇಳಿಸಿದ. ಡಿಫ್ರೆನ್ಶಿಯಲ್ಲಿಗೆ ಹಾಕುವ ಗೇರ್ ಎಣ್ಣೆಗೆ ನಮ್ಮಲ್ಲಿ ನೈಂಟಿ ಅನ್ನುತ್ತಾರೆ, ತೊಂಬತ್ತು ಗ್ರೇಡಿನದು. ಡ್ರೈವರುಗಳು ಸಂಜೆ ಕೇಳುವುದಕ್ಕೂ ಅದೇ ಹೆಸರು. ಮಿಸ್ತ್ರಿ ಹುಡುಗನಿಗೆ ದುಡ್ಡು ಕೊಟ್ಟು “ನೈಂಟಿ ತಗೊಂಬಾ” ಅಂದರೆ ಯಾವ ಅಂಗಡಿಗೆ ಅಂತ ಆ ಹುಡುಗ ಒಮ್ಮೆ ಕೇಳಿಯೇ ಹೋಗುತ್ತಾನೆ. ಎರಡರಲ್ಲೂ ಹೆಚ್ಚು ಕುಡಿಸಿದರೆ ಸೀಲ್ ಒಡೆದು ಸೋರುತ್ತದೆ.

“ಮೂರ್ ನಮೂನಿ ಅದಾವ್ರಿ,” ಅಂತು ಚಪ್ಪಲಿ.

ಮೊದಲನೆಯದು ಲಿಮಿಟೆಡ್ ಸ್ಲಿಪ್. ಒಳಗೆ ಕ್ಲಚ್ ಪ್ಲೇಟುಗಳಿರುತ್ತವೆ. ಒಂದು ಗಾಲಿ ಹದ್ದು ಮೀರಿ ತಿರುಗಿದರೆ ಅವು ಉಜ್ಜಿ ಹಿಡಿದು, ಒಂದಿಷ್ಟು ಬಲವನ್ನು ಇನ್ನೊಂದರ ಕಡೆ ದಾಟಿಸುತ್ತವೆ. 1930ರ ದಶಕದಲ್ಲಿ ಜರ್ಮನಿಯ ಆಟೊ ಯೂನಿಯನ್ ರೇಸ್ ಕಾರುಗಳ ಗಾಲಿ ಹುಚ್ಚೆದ್ದು ತಿರುಗುತ್ತಿದ್ದುದನ್ನು ಹದ್ದಿಗೆ ತರಲು ಬಳಕೆಗೆ ಬಂದ ಉಪಾಯ ಇದು. “ಜಾರಾಕ ಬಿಡತೈತ್ರಿ, ಪೂರ್ತಿ ಬಿಡೂದಿಲ್ಲ. ಇಷ್ಟ ಅಂತ ಲೆಕ್ಕ ಐತಿ,” ಅಂದ ಮಿಸ್ತ್ರಿ. ನನಗೆ ತಟ್ಟನೆ ಅರ್ಥವಾಯಿತು. ಕಾಮಗಾರಿಯ ಬಿಲ್ಲಿನಲ್ಲಿ ಇದಕ್ಕೆ ಪರ್ಸೆಂಟೇಜ್ ಅನ್ನುತ್ತಾರೆ. ಇಷ್ಟೇ ಜಾರಬೇಕು, ಇದಕ್ಕಿಂತ ಹೆಚ್ಚು ಜಾರಿದರೆ ಸಭ್ಯರಲ್ಲ. ಒಂದು ವ್ಯತ್ಯಾಸ ಅಂದರೆ ಗಾಡಿಯ ಕ್ಲಚ್ ಪ್ಲೇಟು ವರ್ಷ ಕಳೆದಂತೆ ಸವೆದು ಸಣ್ಣದಾಗುತ್ತದೆ, ಪರ್ಸೆಂಟೇಜ್ ವರ್ಷ ಕಳೆದಂತೆ ದಪ್ಪಗಾಗುತ್ತದೆ.

ಎರಡನೆಯದು ಲಾಕರ್. ಸುಮ್ಮನಿದ್ದಾಗ ಓಪನ್ ಡಿಫ್ರೆನ್ಶಿಯಲ್ಲಿನಂತೆಯೇ ಇರುತ್ತದೆ. ಎರಡು ಗಾಲಿಗಳ ನಡುವಿನ ವೇಗದ ಅಂತರ ನಿಮಿಷಕ್ಕೆ ಸುಮಾರು ನೂರು ಸುತ್ತು ದಾಟಿತೆಂದರೆ ಒಳಗಿನ ತೂಕದ ತುಂಡು ಬಿಚ್ಚಿಕೊಂಡು ಕೊಂಡಿಗೆ ಬಿದ್ದು, ಟಕ್ಕಂತ ಎರಡೂ ಗಾಲಿಯನ್ನು ಒಂದು ಮಾಡುತ್ತದೆ. ಒಬ್ಬ ಎಷ್ಟೇ ಜಾರಲಿ, ಹಿಡಿತ ಇದ್ದವನು ಗಾಡಿ ಎಳೆದುಕೊಂಡು ಹೋಗುತ್ತಾನೆ. ಅಕ್ಕನ ಮಗನ ಕಣ್ಣು ಮಿಂಚಿದವು.

ಮೂರನೆಯದು ನಮ್ಮ ನಾಡಿನ ಸ್ವಂತ ವೈದ್ಯ: ಸ್ಟಾರ್ ಗೇರುಗಳನ್ನೇ ಸೇರಿಸಿ ವೆಲ್ಡಿಂಗ್ ಹೊಡೆದುಬಿಡುವುದು. ಖರ್ಚು ಅಗ್ಗ. ಆಮೇಲೆ ಎರಡೂ ಗಾಲಿ ಸಾಯುವತನಕ ಒಂದೇ ವೇಗ. ರಾಡಿಯಲ್ಲಿ ಭೇಷ್. ಡಾಂಬರಿಗೆ ಬಂದು ತಿರುವು ತೆಗೆದುಕೊಂಡರೆ ಟೈರು ಕಿರ್ರೋ ಅಂತ ಅಳುತ್ತದೆ, ಗಾಡಿ ತಿರುಗಲು ಒಲ್ಲೆ ಅನ್ನುತ್ತದೆ. ಭಿನ್ನಮತ ಇರಕೂಡದು, ಎಲ್ಲರೂ ಒಂದೇ ಸುತ್ತು ತಿರುಗಬೇಕು, ತಿರುವು ಬಂದಾಗ ಸವೆಯುವುದು ಕೆಳಗಿನವರ ಚರ್ಮ. ಇದಕ್ಕೆ ಹೈಕಮಾಂಡ್ ಡಿಫ್ರೆನ್ಶಿಯಲ್ ಎಂದು ನಾನು ಹೆಸರಿಟ್ಟೆ. ಮಿಸ್ತ್ರಿ ನಗಲಿಲ್ಲ. ಅವನು ಎಲ್ಲ ಪಕ್ಷದವರ ಗಾಡಿಯನ್ನೂ ರಿಪೇರಿ ಮಾಡುವವನು.

ಆಮೇಲೆ ಅವನು ಹೊರಗೆ ತೆವಳಿ ಬಂದು, ಚಹಾ ಕುಡಿಯುತ್ತ, ಕಾಸು ಬೇಡದ ನಾಲ್ಕನೆಯ ದಾರಿ ಹೇಳಿದ. “ಖಾಲಿ ಪಿಕಪ್ಪಿಗೆ ಹಿಂದ ತೂಕ ಇರಂಗಿಲ್ರಿ. ತೂಕೆಲ್ಲ ಎಂಜಿನ್ ಕಡಿ. ಹಿಂದಿನ ಗಾಲಿ ನೆಲ ಹಿಡಿಯೂದರ ಹ್ಯಾಂಗ? ಅಚ್ಚಿನ ಮ್ಯಾಲ ನಾಕ್ ಗೊಬ್ಬರದ ಚೀಲ ಇಡ್ರಿ. ಟೈರ್ ನೋಡ್ರಿ, ನಿಮ್ಮ ತಲಿಯಂಗ ಬೋಳಾಗ್ಯಾವ. ಮದಲ ಟೈರ್ ಹಾಕಸ್ರಿ. ಆಮ್ಯಾಲ ಲಾಕರ್ ಮಾತು.”

ಇದು ಸರಿಯಾದ ಸಲಹೆ. ಆದ್ದರಿಂದ ಯಾರೂ ಒಪ್ಪಲಿಲ್ಲ. ಗೊಬ್ಬರದ ಚೀಲದ ಜೊತೆ ಸ್ಟೇಟಸ್ ಹಾಕಿದರೆ ಯಾರು ನೋಡುತ್ತಾರೆ? ಮೇಲಾಗಿ ಅದರಲ್ಲೂ ಒಂದು ಮೋಸವಿದೆ. ಯೂರಿಯಾ ಚೀಲ ಮೊದಲು 50 ಕಿಲೋ ಇತ್ತು, 2018ರಿಂದ 45 ಕಿಲೋ ಆಯಿತು. ನಾಲ್ಕು ಚೀಲಕ್ಕೆ 20 ಕಿಲೋ ಹಿಡಿತವನ್ನು ಸರ್ಕಾರವೇ ಕಡಿಮೆ ಮಾಡಿದೆ. ಇನ್ನು ಜುಲೈನಲ್ಲಿ ನಾಲ್ಕು ಚೀಲ ಯೂರಿಯಾ ಕೈಗೆ ಸಿಕ್ಕವನು ಅದನ್ನು ಹೊಲಕ್ಕೆ ಹಾಕದೆ ಗಾಡಿಯಲ್ಲಿ ತೂಕಕ್ಕೆ ಇಟ್ಟುಕೊಂಡು ತಿರುಗಿದರೆ, ಗಾಡಿ ಜಾರುವ ಮೊದಲು ಚೀಲ ಜಾರುತ್ತವೆ.

ಹುಬ್ಬಳ್ಳಿಯ ಗುಜರಿಯೊಂದರಲ್ಲಿ ಅಪಘಾತವಾದ ಯಾವುದೋ ಗಾಡಿಯ ಲಾಕರ್ ಸಿಕ್ಕಿತು. ಹಾಕಿಸುವ ಮೊದಲು ಕಾನೂನು ಕೇಳಿಬಿಡೋಣ ಎಂದು ಪರಿಚಯದ ವಕೀಲರ ಹತ್ತಿರ ಹೋದೆ. ಅವರು ಮೋಟಾರು ವಾಹನ ಕಾಯ್ದೆ ತೆಗೆದರು. 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು: ಮಾಲೀಕ ಕಾನೂನಿನ ಅಪ್ಪಣೆ ಇಲ್ಲದ ಬಿಡಿಭಾಗ ಜೋಡಿಸಿ ಗಾಡಿ ಬದಲಾಯಿಸಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು.

“ಸಾರ್, ರಸ್ತೇನ ಮೂಲ ಎಸ್ಟಿಮೇಟಿಗಿಂತ ಬೇರೆ ಮಾಡಿದ್ರ ಯಾವ ಸೆಕ್ಷನ್ನರಿ?” ಅಂದೆ.

ಅದಕ್ಕೂ ಒಂದು ಇದೆ ಎಂದು ಅವರು ಹಾಳೆ ತಿರುವಿದರು. ಅದೇ 2019ರ ತಿದ್ದುಪಡಿ, 198ಎ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿಯಾದ ಮಾನದಂಡ ಪಾಲಿಸದಿದ್ದರೆ ಅಧಿಕಾರಿಗೋ ಗುತ್ತಿಗೆದಾರನಿಗೋ ಒಂದು ಲಕ್ಷದವರೆಗೆ ದಂಡ. ನನಗೆ ಖುಷಿಯಾಗುವಷ್ಟರಲ್ಲಿ ಅವರು ಕನ್ನಡಕ ಸರಿಪಡಿಸಿಕೊಂಡು ಮುಂದಿನ ಸಾಲು ಓದಿದರು: ಆ ಲೋಪದಿಂದ ಯಾರಾದರೂ ಸತ್ತಿರಬೇಕು, ಇಲ್ಲವೇ ಅಂಗವಿಕಲರಾಗಿರಬೇಕು. ಅಂದರೆ ಆ ಸೆಕ್ಷನ್ನಿಗೆ ಜೀವ ಬರಬೇಕಾದರೆ ನಮ್ಮದು ಹೋಗಬೇಕು. ಜೀವ ಬೇಡ ಅಂದರೆ ಕೈಯೋ ಕಾಲೋ ನಡೆಯುತ್ತದೆ, ಕಾನೂನು ಅಷ್ಟೇನೂ ನಿರ್ದಯಿಯಲ್ಲ.

ಹಾಗೆ ನೋಡಿದರೆ ನಮ್ಮ ಗಾಡಿ ರಸ್ತೆಯಲ್ಲಿ ಹೂತೂ ಇರಲಿಲ್ಲ. ಸರ್ಕಾರಿ ಭಾಷೆಯಲ್ಲಿ ಅದು ರಸ್ತೆಯೇ ಅಲ್ಲ. ಪ್ರಧಾನಮಂತ್ರಿ ಗ್ರಾಮ ಸಡಕ್ 2000ರ ಡಿಸೆಂಬರಿನಲ್ಲಿ ಬಂತು, ಊರಿನ ತನಕ ಬರುತ್ತದೆ. ನಮ್ಮ ಗ್ರಾಮ ನಮ್ಮ ರಸ್ತೆ ಎಂಬುದೊಂದು ಬಂತು, ಅದೂ ಗ್ರಾಮದ ಲೆಕ್ಕ. ಹೊಲಕ್ಕೆ ಹೋಗುವವನಿಗೆ ಉದ್ಯೋಗ ಖಾತ್ರಿಯಲ್ಲಿ ನಮ್ಮ ಹೊಲ ನಮ್ಮ ದಾರಿ ಎಂಬ ಇನ್ನೊಂದು. ಎಷ್ಟು ನಮ್ಮತನ! ಗ್ರಾಮ ನಮ್ಮದು, ರಸ್ತೆ ನಮ್ಮದು, ಹೊಲ ನಮ್ಮದು, ದಾರಿ ನಮ್ಮದು. ನಡುವಿನ ರಾಡಿ ಯಾರದು ಅಂತ ಕೇಳಿದರೆ ಮಾತ್ರ ಎಲ್ಲರೂ ಪಕ್ಕದ ಇಲಾಖೆಯ ಕಡೆ ಬೆರಳು ತೋರಿಸುತ್ತಾರೆ.

ಎರೆಮಣ್ಣಿನ ಸ್ವಭಾವ ಗೊತ್ತಿಲ್ಲದ್ದೇನಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಟೈರಿನ ಹಲ್ಲಿನೊಳಗೆ ಮೆತ್ತಿಕೊಂಡು ಹೊಸ ಟೈರನ್ನೂ ನಿಮಿಷದಲ್ಲಿ ಬೋಳು ಮಾಡುತ್ತದೆ. ಸವಣೂರಿನ ಎರೆ ಹೊಲದವರಿಗೆ ಇದು ಗೊತ್ತು. ಹಿರೇಕೆರೂರಿನಲ್ಲಿ ಗೋವಿನಜೋಳ, ಹತ್ತಿ ಹೇರುವವರಿಗೆ ಗೊತ್ತು. ಶಿಗ್ಗಾವಿಯವರಿಗಂತೂ ಹೆದ್ದಾರಿ 48ರಲ್ಲಿ ನೂರರ ವೇಗದಲ್ಲಿ ಬಂದು, ಹೊಲದ ಕಡೆ ತಿರುಗಿದ ಸ್ವಲ್ಪ ಹೊತ್ತಿಗೇ ಚಕ್ಕಡಿ ಕಾಲಕ್ಕೆ ಇಳಿಯುವ ಸೌಭಾಗ್ಯ. ಇಂಥ ಮಣ್ಣಿನ ಮೇಲೆ ದಾರಿ ನಿಲ್ಲಬೇಕಾದರೆ ಮಣ್ಣಿಗೆ ಸುಣ್ಣ ಬೆರೆಸಿ ಹದ ಮಾಡಬೇಕು, ಇಲ್ಲವೇ ಮರಳು-ಗರಸಿನ ಹಾಸು ಕೊಡಬೇಕು, ಎರಡೂ ಬದಿಗೆ ನೀರು ಹರಿಯಲು ಚರಂಡಿ ತೆಗೆಯಬೇಕು. ಎಂಜಿನಿಯರಿಂಗ್ ಪುಸ್ತಕದಲ್ಲಿ ಇಷ್ಟೂ ಇದೆ. ಸವಣೂರಿನ ವೀಳ್ಯದೆಲೆಗೆ ಹಚ್ಚುವಷ್ಟು ಸುಣ್ಣವನ್ನಾದರೂ ನಮ್ಮ ದಾರಿಗೆ ಹಚ್ಚಿದ್ದರೆ ಇಷ್ಟೊತ್ತಿಗೆ ಬಾಯಿ ಕೆಂಪಾಗುತ್ತಿತ್ತು. ಆದರೆ ಬೆಣ್ಣೆ ಎಲ್ಲಿಗೋ ಹೋಯಿತು, ಸುಣ್ಣ ನಮ್ಮ ಕಣ್ಣಿಗೆ ಬಂತು.

ವಿಚಿತ್ರ ಏನೆಂದರೆ, ಡಿಫ್ರೆನ್ಶಿಯಲ್ ಲಾಕ್ ನಮ್ಮವರಿಗೆ ಹೊಸದೇ ಅಲ್ಲ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಹಿಮ್ಮಡಿಯ ಹತ್ತಿರ ಒಂದು ಪೆಡಲ್ ಇರುತ್ತದೆ. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ಗಾಲಿ ಜಾರಿತೆಂದರೆ ಓದು ಬರಹ ಇಲ್ಲದವನೂ ಅದನ್ನು ತುಳಿಯುತ್ತಾನೆ, ಈಚೆ ಬಂದ ಮೇಲೆ ಬಿಡುತ್ತಾನೆ, ತಿರುವಿಗೆ ಮುಂಚೆ ಬಿಡಲೇಬೇಕು ಎಂಬುದೂ ಅವನಿಗೆ ಗೊತ್ತು. ಅದೇ ರೈತ ಪಿಕಪ್ ಕೊಂಡರೆ ಆ ಪೆಡಲ್ ಇಲ್ಲ. ಹಾಗಾದರೆ ಲಾಕ್ ಎಲ್ಲಿ ಹೋಯಿತು? ಬೆಂಗಳೂರಿಗೆ. 2020ರ ಥಾರ್ ಗಾಡಿಗೆ ಹಿಂದಿನ ಅಚ್ಚಿನಲ್ಲಿ ತಾನಾಗಿ ಬೀಳುವ ಲಾಕರ್ ಕೊಟ್ಟರು. ಗೂರ್ಖಾಗೆ ಹಿಂದೆ ಮುಂದೆ ಎರಡೂ ಕಡೆ ಲಾಕ್. 2022ರಲ್ಲಿ ಬಂದ ಹೈಲಕ್ಸ್ ಪಿಕಪ್ಪಿಗೆ ಬಟನ್ ಒತ್ತಿದರೆ ಲಾಕ್, ಬೆಲೆ ಶುರುವಾದದ್ದೇ 34 ಲಕ್ಷದ ಹತ್ತಿರ. ಇವುಗಳಲ್ಲಿ ಹೆಚ್ಚಿನವು ನೋಡುವ ಅತಿ ಕಠಿಣ ಭೂಪ್ರದೇಶ ಅಂದರೆ ಮಾಲಿನ ಪಾರ್ಕಿಂಗ್ ಇಳಿಜಾರು. ಗಟ್ಟಿ ನೆಲದವನಿಗೆ ಲಾಕ್, ರಾಡಿಯವನಿಗೆ ಓಪನ್. ಅಲ್ಲೂ ಅದೇ ಡಿಫ್ರೆನ್ಶಿಯಲ್ ನ್ಯಾಯ.

ನಮ್ಮ ನಾಲ್ಕು ಊರಿಗೆ ಲಾಕ್ ಬಿದ್ದದ್ದೇ ಇಲ್ಲ ಎಂದರೆ ತಪ್ಪಾದೀತು. ಬಿದ್ದಿದೆ, ಮೂರು ಸಲ. ಹಿರೇಕೆರೂರಿಗೆ 2019ರ ಡಿಸೆಂಬರ್ 5, ಹಾನಗಲ್ಲಿಗೆ 2021ರ ಅಕ್ಟೋಬರ್ 30, ಶಿಗ್ಗಾವಿಗೆ 2024ರ ನವೆಂಬರ್ 13. ಸವಣೂರು ಶಿಗ್ಗಾವಿ ಕ್ಷೇತ್ರದಲ್ಲೇ ಇದೆ, ಹಾಗಾಗಿ ಅದಕ್ಕೆ ಜೋಡಿ ಟಿಕೆಟ್. ಮೂರೂ ಉಪಚುನಾವಣೆ. ಒಂದಕ್ಕೆ ಕಾರಣ ಅನರ್ಹತೆ, ಒಂದಕ್ಕೆ ನಿಧನ, ಒಂದಕ್ಕೆ ದಿಲ್ಲಿಗೆ ಬಡ್ತಿ. ಆ ದಿನಗಳಲ್ಲಿ ನೋಡಬೇಕಿತ್ತು. ಸಾಮಾನ್ಯ ಕಾಲದಲ್ಲಿ ಆ ಕಡೆಯೊಂದು ಈ ಕಡೆಯೊಂದು ತಿರುಗುವ ಸರ್ಕಾರ ಮತ್ತು ವಿರೋಧ ಪಕ್ಷ ಎಂಬ ಎರಡು ಗಾಲಿಗಳು ಟಕ್ಕಂತ ಕೂಡಿಕೊಂಡು ಒಂದೇ ಊರಿನ ಕಡೆ ಒಂದೇ ವೇಗದಲ್ಲಿ ಬಂದವು. ನೀತಿ ಸಂಹಿತೆ ಬೀಳುವ ಮೊದಲು ಗುದ್ದಲಿ ಪೂಜೆ ಮುಗಿಸುವ ಗಡಿಬಿಡಿಯಲ್ಲಿ ತೆಂಗಿನಕಾಯಿಗೆ ಬರ. ಮಂತ್ರಿಗಳ ಕಾರು ನಮ್ಮ ಚಹಾದಂಗಡಿಯ ಮುಂದೆ ನಿಲ್ಲುತ್ತಿದ್ದವು, ಚಹಾದಂಗಡಿಯವನು ಮಂತ್ರಿಗಳನ್ನು ಖಾತೆಯ ಮೇಲೆ ಗುರುತಿಸಲು ಕಲಿತ. ಮತ ಎಣಿಕೆ ಮುಗಿದ ಸಂಜೆ ಟಕ್ಕಂತ ಕೊಂಡಿ ಬಿಚ್ಚಿತು. ಎಲ್ಲ ಮತ್ತೆ ಓಪನ್.

ಅಂದಿನಿಂದ ನಮ್ಮೂರಿನವರಿಗೆ ಸಂವಿಧಾನದ ಸೂಕ್ಷ್ಮ ತಿಳಿದಿದೆ. ಶಾಸಕರಿಗೆ ಕೇಡು ಬಯಸುವುದಿಲ್ಲ, ನೂರು ವರ್ಷ ಬಾಳಲಿ. ರಾಜೀನಾಮೆ ಕೊಟ್ಟರೆ ಸಾಕು.

ಲಾಕರ್ ಹಾಕಿಸಿದೆವು. ವಕೀಲರು ಹೇಳಿದ್ದನ್ನು ಕೇಳಿಸಿಕೊಂಡಿಲ್ಲ ಎಂದು ಅಕ್ಕನ ಮಗ ಅಭಿಪ್ರಾಯಪಟ್ಟ. ಅಳತೆ ಒಂದಿಷ್ಟು ಹೊಂದಲಿಲ್ಲ, ಮಿಸ್ತ್ರಿ “ಅಡ್ಜಸ್ಟ್ ಮಾಡೇನ್ರಿ” ಅಂದ. ಈ ನಾಡಿನಲ್ಲಿ ಅಡ್ಜಸ್ಟ್ ಅನ್ನುವ ಶಬ್ದಕ್ಕಿಂತ ಭಯಾನಕವಾದ ತಾಂತ್ರಿಕ ಪದ ಇನ್ನೊಂದಿಲ್ಲ. ಟೈರು ಬೋಳಾಗಿಯೇ ಉಳಿದವು, ದುಡ್ಡು ಲಾಕರಿಗೆ ಮುಗಿದಿತ್ತು. ಹಿಂದಿನ ಬಾಗಿಲ ಮೇಲೆ ಮೊದಲು ತಾಯಿಯ ಆಶೀರ್ವಾದ ಎಂದಿತ್ತು. ಅದರ ಕೆಳಗೆ ಹುಡುಗ ಕೆಂಪು ಅಕ್ಷರದಲ್ಲಿ ಲಾಕರ್ ಐತಿ ಎಂದು ಬರೆಸಿದ.

ಎರಡು ತಿಂಗಳು ನಮ್ಮದೇ ದರ್ಬಾರು. ಊರಿನ ಅಷ್ಟೂ ಪಿಕಪ್ಪು ಕೂತಲ್ಲಿ ನಮ್ಮದು ಟಕ್ ಅಂತ ಒಂದು ಸದ್ದು ಮಾಡಿ ಎದ್ದು ಹೋಗುತ್ತಿತ್ತು. ಆ ಟಕ್ ಕೇಳಲೆಂದೇ ಹುಡುಗರು ರಾಡಿಯ ದಂಡೆಗೆ ಬಂದು ಕೂರುತ್ತಿದ್ದರು. ಹಾಗಾದ ಕೂಡಲೇ ದಾರಿಯ ಅರ್ಜಿ ಹಿಡಿದು ಪಂಚಾಯ್ತಿಗೆ ಹೋಗಿದ್ದ ಇಬ್ಬರು ಮುದುಕರಿಗೆ ಉತ್ತರ ಸಿಕ್ಕಿತು: “ಆ ಗಾಡಿ ಹೊಂಟೈತಲ್ಲ? ದಾರಿ ಛಲೋನ ಐತಿ. ನಿಮ್ಮ ಗಾಡಿ ಸರಿ ಇಲ್ಲ.” ನಮ್ಮ ಲಾಕರ್ ಊರಿನ ದಾರಿಗೆ ಯೋಗ್ಯತಾ ಪತ್ರವಾಯಿತು.

ದೀಪಾವಳಿ ಬಂತು. ನಮ್ಮ ಕಡೆ ದೀಪಾವಳಿ ಅಂದರೆ ಹೋರಿ ಹಬ್ಬ. ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಜನರ ನಡುವೆ ಸಿಡಿಲಿನಂತೆ ನುಗ್ಗಬೇಕು, ಹುಡುಗರು ಆ ಕೊಬ್ಬರಿ ಹರಿಯಬೇಕು. ಹೆಸರಾದ ಹೋರಿಗೆ ಸಿನಿಮಾ ನಟರಷ್ಟು ಅಭಿಮಾನಿಗಳು, ಬ್ಯಾನರು, ಬಿರುದು. ಇಂಥ ಒಂದು ಹೋರಿಯನ್ನು ಹಿರೇಕೆರೂರು ಕಡೆಯ ಅಖಾಡಕ್ಕೆ ಒಯ್ಯಲು ನಮ್ಮ ಗಾಡಿ ಬಾಡಿಗೆಗೆ ಬಂತು. ಅವು ಈಗ ನಡೆದು ಹೋಗುವುದಿಲ್ಲ, ಪಿಕಪ್ಪಿನಲ್ಲಿ ನಿಂತು ಹೋಗುತ್ತವೆ. ಹಿಂದಿನ ರಾತ್ರಿ ಹಿಂಗಾರು ಮಳೆ ಹೊಡೆದಿತ್ತು. ಹೊಲದ ಮನೆಯಿಂದ ಹೋರಿ ಹತ್ತಿಸಿಕೊಂಡು ಹೊರಟೆವು. ಜುಲೈನಲ್ಲಿ ಹೂತ ಅದೇ ಜಾಗ. ಅದೇ ಎಡಗಾಲಿ ಗರಸಿನ ಮೇಲೆ, ಅದೇ ಬಲಗಾಲಿ ರಾಡಿಯಲ್ಲಿ. ಹುಡುಗ ನಗುತ್ತ ಆಕ್ಸಿಲೇಟರ್ ತುಳಿದ.

ಟಕ್ ಅಂತು. ಆಮೇಲೆ ಟಣ್ ಅಂತು.

ಮಿಸ್ತ್ರಿ ಬಂದು, ಮಲಗಿ, ಕೆಳಗಿಂದಲೇ ವಿವರಿಸಿದ. ಓಪನ್ ಇದ್ದಾಗ ಎಡಗಾಲಿಗೆ ಕೆಲಸವೇ ಇರಲಿಲ್ಲ, ಅದರ ಅಚ್ಚು ಸುಖವಾಗಿತ್ತು. ಲಾಕ್ ಬಿದ್ದ ಮೇಲೆ ಎಂಜಿನ್ನಿನ ಅಷ್ಟೂ ಕಸುವು, ಗಾಡಿಯ ಅಷ್ಟೂ ಭಾರ, ಮೇಲೆ ಹೋರಿಯ ಹೊರೆ, ಎಲ್ಲ ಆ ಹಿಡಿತ ಇದ್ದ ಒಂದೇ ಗಾಲಿಯ ಮೇಲೆ ಬಿತ್ತು. ಜಾರುವ ಗಾಲಿಗೆ ಏನೂ ಆಗಿಲ್ಲ, ಅದು ಫಳಫಳ ಹೊಳೆಯುತ್ತಿದೆ. ಕೆಲಸ ಮಾಡಿದ ಗಾಲಿಯ ಅಚ್ಚು ಎರಡು ತುಂಡು. ಓಪನ್ ಇದ್ದಾಗ ಕೂರಿಸಿದ್ದ ಪ್ರಾಮಾಣಿಕನನ್ನು ನಾವು ಲಾಕ್ ಹಾಕಿ ಕೊಂದಿದ್ದೆವು. ರಾಡಿಯನ್ನು ಯಾರೂ ಮುಟ್ಟಿರಲಿಲ್ಲ.

ಅಷ್ಟೊತ್ತಿಗೆ ನಲವತ್ತು ಜನ ಸೇರಿದ್ದರು. ಮಾಜಿ ಸದಸ್ಯರು ಈ ಸಲ ಹದಿನೈದು ಮಾರು ದೂರ ನಿಂತಿದ್ದರು. ಹೋರಿಗೆ ಹಗ್ಗ ಕಟ್ಟಿ ಗಾಡಿ ಎಳೆಸಿರಿ ಎಂದು ಯಾರೋ ಸೂಚಿಸಿದರು. ಹೋರಿಯ ಮಾಲೀಕ ಕೆಂಡವಾದ: “ಇದು ಓಡೂ ಹೋರಿ ಐತ್ರಿ, ಎಳಿಯೂ ಎತ್ತಲ್ಲ!” ಬಾಗಿಲು ತೆಗೆದು ಅದನ್ನು ಇಳಿಸಿದ. ಹೋರಿ ರಾಡಿಗೆ ಕಾಲಿಟ್ಟಿತು. ಊರಿದರೆ ಸೀಳುಗೊರಸು ಅಗಲವಾಗಿ ನೆಲ ಹಿಡಿಯುತ್ತದೆ, ಎತ್ತಿದರೆ ಕೂಡಿಕೊಂಡು ಸಲೀಸಾಗಿ ಹೊರಗೆ ಬರುತ್ತದೆ. ನಾಲ್ಕು ಕಾಲಿಗೂ ಬೇರೆ ಬೇರೆ ಲಾಕರ್, ಯಾವ ಸೆಕ್ಷನ್ನಿಗೂ ಸಿಗದಂಥದ್ದು. ಅವಸರವಿಲ್ಲದೆ ದಾಟಿ, ಮೇಲಿನ ಡಾಂಬರು ರಸ್ತೆ ಏರಿ, ತಿರುಗಿ ನಮ್ಮನ್ನು ನೋಡುತ್ತ ನಿಂತಿತು.

ಇಲ್ಲಿ ಸಮಿತಿ ತುರ್ತು ಅಧಿವೇಶನ ಸೇರಿತ್ತು. “ಅಚ್ಚು ವೀಕ್ ಇತ್ತು ಮಾವಾ, ಹೆವಿ ಅಚ್ಚು ಹಾಕಸೂನು,” ಅಂದ ಅಕ್ಕನ ಮಗ. ಹೆವಿ ಅಚ್ಚು ಹಾಕಿಸಿದರೆ ಕ್ರೌನ್ ಪಿನಿಯನ್ ತಡೆಯುವುದಿಲ್ಲ, ಅದನ್ನೂ ಬದಲಾಯಿಸಿ ಅಂದರು ಒಬ್ಬರು. ಅದಕ್ಕಿಂತ ಫೋರ್ ವೀಲ್ ಗಾಡಿಯೇ ತಗೊಳ್ರಿ, ಸಾಲ ಸಿಗುತ್ತದೆ ಅಂದರು ಇನ್ನೊಬ್ಬರು. ಮೂವತ್ತಾರು ಮಂದಿಯ ಮೂವತ್ತಾರು ಸಲಹೆ ಮುಗಿಯುತ್ತ ಬಂದಾಗ, ಮೇಲೆ ಡಾಂಬರಿನ ಮೇಲೆ ನಿಂತಿದ್ದ ಹೋರಿ ನಿಧಾನಕ್ಕೆ ಬಾಲ ಎತ್ತಿತು. ಅಲ್ಲಿ ಸೇರಿದ್ದವರಲ್ಲಿ ರಸ್ತೆಯ ಬಗ್ಗೆ ಅಭಿಪ್ರಾಯ ಕೊಟ್ಟದ್ದು ಅದೊಂದೇ.